ಕಲಿಸದೆ ಕೇಳಬೇಡಿ: ಆರೋಗ್ಯ ವಿಜ್ಞಾನ ಶಿಕ್ಷಣದ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ರಾಜ್ಯದ ವೈದ್ಯಕೀಯ, ದಂತವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಮತ್ತು ಫಿಸಿಯೋಥೆರಪಿ ಕಾಲೇಜುಗಳ ಪ್ರಾಂಶುಪಾಲರಿಗೆ, ಹಾಗೂ ಪ್ರಬಂಧಗಳ ಗೈಡ್‌ಗಳಿಗೆ,

ಮಾನ್ಯರೇ,

ನಾನು ವೈದ್ಯಳೂ ಅಲ್ಲ, ನರ್ಸ್ ಕೂಡ ಅಲ್ಲ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಕಾಲೇಜೊಂದರ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಸಂಶೋಧನೆಯಲ್ಲಿ ಪಾಲ್ಗೊಳ್ಳುವವರ ಹಿತ ಕಾಯುವ ಸಮಿತಿಯಲ್ಲಿ, ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯೆ. ಇಂಥ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟು ಮಂದಿ ಆ ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೊಬ್ಬರು ಮತ್ತು ವೈದ್ಯಕೀಯ ಕ್ಷೇತ್ರಕ್ಕೆ ಸೇರದ ಸಾಮಾನ್ಯರೊಬ್ಬರು ಇರಲೇಬೇಕು ಎಂದು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಹೇಳುತ್ತವೆ. ಆ ಸಾಮಾನ್ಯರ ಕುರ್ಚಿಯಲ್ಲಿ ಕುಳಿತು ಕಂಡದ್ದನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಕಡತಗಳ ಗೋಪ್ಯತೆಯನ್ನು ಕಾಪಾಡುವುದಾಗಿ ನಾನು ಸಹಿ ಹಾಕಿರುವುದರಿಂದ ಕಾಲೇಜಿನ ಹೆಸರಾಗಲಿ, ಯಾವ ವಿದ್ಯಾರ್ಥಿಯ ಗುರುತಾಗಲಿ ಇಲ್ಲಿ ಬರುವುದಿಲ್ಲ.

ಸಿನಾಪ್ಸಿಸ್, ಅಂದರೆ ಮಾಡಲಿರುವ ಅಧ್ಯಯನದ ರೂಪರೇಖೆ, ಹಿಡಿದು ನಮ್ಮ ಮುಂದೆ ನಿಲ್ಲುವ ಮಕ್ಕಳನ್ನು ನೋಡಿದಾಗಲೆಲ್ಲ ನನಗೆ ಒಂದೇ ಸಂಕಟ. ಸಂಶೋಧನೆ ಮಾಡುವುದನ್ನು ಇವರಿಗೆ ಯಾರೂ ಕಲಿಸಿಲ್ಲ, ಆದರೆ ಎಲ್ಲರೂ ಅದನ್ನು ಕೇಳುತ್ತಿದ್ದಾರೆ. ವಿಷಯ ಆರಿಸು, ಸಿನಾಪ್ಸಿಸ್ ಒಪ್ಪಿಸು, ಡಿಸರ್ಟೇಷನ್ (ಪ್ರಬಂಧ) ಮುಗಿಸು, ಪೇಪರ್ ಪ್ರಕಟಿಸು ಎಂಬ ಆದೇಶಗಳು ಸ್ನಾತಕೋತ್ತರ ವಿದ್ಯಾರ್ಥಿಯ ತಲೆಯ ಮೇಲೆ ಮೊದಲ ವರ್ಷದಲ್ಲೇ ಬಂದು ಕೂರುತ್ತವೆ. ಆ ಹೊತ್ತಿಗೆ ಅವನಿಗೆ ವಾರ್ಡಿನ ದಾರಿಯೇ ಸರಿಯಾಗಿ ಪರಿಚಯವಾಗಿರುವುದಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಬಂದ ಹುಡುಗಿ ಸಮಿತಿಯ ಬಾಗಿಲಲ್ಲಿ ತೂಕಡಿಸುತ್ತ ಸರದಿಗಾಗಿ ಕಾಯುತ್ತಾಳೆ. ಅವಳನ್ನು ಸೋಮಾರಿ ಎನ್ನಲು, ಮೋಸಗಾರ್ತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಸೀನಿಯರ್ ಕೊಟ್ಟ ಹಳೆಯ ಫೈಲನ್ನು ನೋಡಿ ಆಕೆ ಬರೆದಿದ್ದಾಳೆ, ಆ ಸೀನಿಯರ್ ತನ್ನ ಸೀನಿಯರ್ ಕೊಟ್ಟದ್ದನ್ನು ನೋಡಿ ಬರೆದಿದ್ದಳು. ತಪ್ಪುಗಳು ಹೀಗೆ ಬ್ಯಾಚಿನಿಂದ ಬ್ಯಾಚಿಗೆ ದಾಟುತ್ತಾ ಬಂದಿವೆ.

ಪಠ್ಯಕ್ರಮದಲ್ಲಿ ಸಂಶೋಧನೆಯ, ನೈತಿಕತೆಯ ಪಾಠ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರದ ಪತ್ರಿಕೆ ಇದೆ. ಎಂಬಿಬಿಎಸ್‌ಗೆ 2019ರಿಂದ ನಡತೆ, ನೈತಿಕತೆ, ಸಂವಹನ ಕುರಿತ ಪಾಠಗಳು ಸೇರಿವೆ. ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) ಚೆನ್ನೈ ಸಂಸ್ಥೆ ಸಂಶೋಧನೆಯ ಬಗ್ಗೆ ನಡೆಸುವ ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತರಬೇಕು. ಆ ಕೋರ್ಸಿನ ಉಪನ್ಯಾಸಗಳು ಚೆನ್ನಾಗಿವೆ; ನಾನೂ ಕೇಳಿದ್ದೇನೆ. ಆದರೆ ವಿಡಿಯೋ ನೋಡಿ, ನಾಲ್ಕರಲ್ಲಿ ಒಂದು ಉತ್ತರ ಗುರುತಿಸಿ ಪಾಸಾದ ಮಾತ್ರಕ್ಕೆ ಒಬ್ಬ ರೋಗಿಯ ಮುಂದೆ ಕುಳಿತು ಅನುಮತಿ ಕೇಳುವುದು ಬರುವುದಿಲ್ಲ. ಅದು ಇನ್ನೊಬ್ಬರ ಎದುರಿಗೆ ಮಾಡಿ ತೋರಿಸಿ, ತಿದ್ದಿಸಿಕೊಂಡು ಕಲಿಯಬೇಕಾದ ಕೆಲಸ. ಇಂಜೆಕ್ಷನ್ ಕೊಡುವುದನ್ನು ಯಾವ ಕಾಲೇಜೂ ಬರೀ ವಿಡಿಯೋ ತೋರಿಸಿ ಕಲಿಸುವುದಿಲ್ಲ.

ಆ ಅನುಮತಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಮ್ಮ ಸಮಿತಿಯಲ್ಲಿ ನಾನು ಒಂದು ರೂಢಿ ಇಟ್ಟುಕೊಂಡಿದ್ದೇನೆ. ವಿದ್ಯಾರ್ಥಿಯ ಕೈಯಲ್ಲಿರುವ ಕನ್ನಡ ಕನ್ಸೆಂಟ್ ಫಾರ್ಮನ್ನು (ಒಪ್ಪಿಗೆ ಪತ್ರವನ್ನು) ಮಡಚಿ ಇಡಲು ಹೇಳಿ, "ನಾನೇ ನಿಮ್ಮ ರೋಗಿ ಎಂದುಕೊಳ್ಳಿ, ನನಗೆ ವಿಷಯ ತಿಳಿಸಿ" ಎನ್ನುತ್ತೇನೆ. ಬಹಳಷ್ಟು ಮಂದಿ ಅಲ್ಲೇ ತಡವರಿಸುತ್ತಾರೆ. ಫಾರ್ಮಿನಲ್ಲಿರುವ ಕನ್ನಡ ಹೀಗಿರುತ್ತದೆ: "ಸದರಿ ಅಧ್ಯಯನದಲ್ಲಿ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ಹಿಂಪಡೆಯುವಿಕೆಯಿಂದ ನನಗೆ ಲಭ್ಯವಾಗುವ ಚಿಕಿತ್ಸಾ ಸೌಲಭ್ಯಗಳಿಗೆ ಬಾಧಕವುಂಟಾಗತಕ್ಕದ್ದಲ್ಲವೆಂದು ಈ ಮೂಲಕ ಮನಗಂಡಿರುತ್ತೇನೆ." ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರದಲ್ಲಿ ಈ ವಾಕ್ಯ ಇದ್ದರೆ ನಾನು ಸುಮ್ಮನಿರುತ್ತಿದ್ದೆ. ಜ್ವರದಲ್ಲಿ ಮಲಗಿರುವ ಕೂಲಿಕಾರ ಹೆಂಗಸಿನ ಮುಂದೆ ಇದನ್ನು ಓದಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎಂದು ನಾನು ಹೇಗೆ ಒಪ್ಪಲಿ?

ಅದೇ ಮಾತನ್ನು ಹೀಗೂ ಹೇಳಬಹುದು: "ಅಮ್ಮಾ, ನಾನು ಇಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ನನ್ನ ಓದಿಗಾಗಿ ಒಂದು ಅಧ್ಯಯನ ಮಾಡುತ್ತಿದ್ದೇನೆ. ನಿಮ್ಮ ಚಿಕಿತ್ಸೆಗೆ ತೆಗೆಯುವ ರಕ್ತದ ಜೊತೆ ಇನ್ನೊಂದು ಚಮಚದಷ್ಟು ರಕ್ತ ನನಗೆ ಬೇಕು. ಇದರಿಂದ ನಿಮ್ಮ ಕಾಯಿಲೆಗೆ ಈಗ ಏನೂ ಲಾಭವಿಲ್ಲ, ಮುಂದೆ ಬರುವ ರೋಗಿಗಳಿಗೆ ಆಗಬಹುದು. ಬೇಡ ಅನಿಸಿದರೆ ಬೇಡ ಎನ್ನಿ. ನಿಮಗೆ ಕೊಡುವ ಔಷಧಿಯಾಗಲಿ, ಡಾಕ್ಟರು ನೋಡುವ ರೀತಿಯಾಗಲಿ ಬದಲಾಗುವುದಿಲ್ಲ. ಇವತ್ತು ಹೂಂ ಎಂದು ನಾಳೆ ಬೇಡ ಎಂದರೂ ನಡೆಯುತ್ತದೆ. ಮನೆಯವರನ್ನು ಕೇಳಿ ಹೇಳುವುದಾದರೆ ಸಂಜೆ ಮತ್ತೆ ಬರುತ್ತೇನೆ." ಇಷ್ಟು ಹೇಳಲು ಎರಡು ನಿಮಿಷ ಸಾಕು. ಆಮೇಲೆ "ಈಗ ನಾನು ಹೇಳಿದ್ದು ಏನು, ನೀವೇ ಒಮ್ಮೆ ಹೇಳಿ" ಎಂದು ಕೇಳಬೇಕು. ಆ ತಾಯಿ "ರಕ್ತ ಕೊಟ್ಟರೆ ಬೇಗ ಗುಣವಾಗುತ್ತದೆ ಎಂದಿರಿ" ಎಂದು ಹೇಳಿದರೆ ಒಪ್ಪಿಗೆ ಸಿಕ್ಕಿಲ್ಲ ಎಂದೇ ಅರ್ಥ. ಮತ್ತೆ ಮೊದಲಿನಿಂದ ಹೇಳಬೇಕು. ಓದು ಬಾರದವರಾದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮಾತು ಮುಗಿಯುವ ತನಕ ಪಕ್ಕದಲ್ಲಿರಬೇಕು. ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳು ಇದನ್ನೆಲ್ಲ ಬಿಡಿಸಿ ಹೇಳಿವೆ. ಉಚಿತವಾಗಿ ಸಿಗುವ ಆ ಪುಸ್ತಕವನ್ನು ತೆರೆದು ನೋಡಿದ ವಿದ್ಯಾರ್ಥಿಗಳು ನನಗೆ ಸಿಕ್ಕಿರುವುದು ಅಪರೂಪ.

ರಾಯಚೂರಿನ ಕನ್ನಡ ಬೇರೆ, ಪುತ್ತೂರಿನ ಕನ್ನಡ ಬೇರೆ. ಲಂಬಾಣಿ ತಾಂಡಾದಿಂದ ಬಂದವರಿಗೆ, ಮನೆಯಲ್ಲಿ ಉರ್ದುವನ್ನೋ ತುಳುವನ್ನೋ ಆಡುವವರಿಗೆ ಅಚ್ಚಾದ ಒಂದೇ ಹಾಳೆ ಸಾಲದು. ಹೊರರಾಜ್ಯದಿಂದ ಬಂದು ಇಲ್ಲಿ ಓದುವ ಮಕ್ಕಳೂ ಬಹಳ ಇದ್ದಾರೆ. ಅವರಿಗೆ ಕನ್ನಡವೇ ಹೊಸದು. ಇವರೆಲ್ಲರ ಕೈಗೆ ಫಾರ್ಮ್ ಕೊಟ್ಟು ಸಹಿ ತನ್ನಿ ಎಂದರೆ ಅವರು ಸಹಿಯನ್ನು ಮಾತ್ರ ತರುತ್ತಾರೆ.

ಸಹಿಯನ್ನು ಮಾತ್ರ ತಂದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರದಲ್ಲಿ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡುವ ಯೋಜನೆಯೊಂದು ನಡೆಯಿತು. ಅದರಲ್ಲಿ ಬುಡಕಟ್ಟು ಸಮುದಾಯದ, ಆಶ್ರಮ ಶಾಲೆಗಳ ಹಾಸ್ಟೆಲ್‌ಗಳಲ್ಲಿದ್ದ ಬಾಲಕಿಯರೂ ಬಹಳ ಮಂದಿ ಇದ್ದರು. 2010ರ ಏಪ್ರಿಲ್‌ನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯ ಪ್ರಕಾರ, ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ಅವುಗಳಲ್ಲಿ ತಂದೆತಾಯಿಯರ ಸಹಿ ಇರಲಿಲ್ಲ. ಲಸಿಕೆ ಒಳ್ಳೆಯದೇ ಇರಬಹುದು. ಗರ್ಭಕಂಠದ ಕ್ಯಾನ್ಸರ್ ತಡೆಯಲು ಅದು ಬೇಕು ಎಂದೇ ನಾನೂ ನಂಬಿದ್ದೇನೆ. ಆದರೆ ಅಂದು ಹುಟ್ಟಿದ ಅಪನಂಬಿಕೆ ಲಸಿಕೆಯ ಮೇಲೂ ಬಿತ್ತು. ಕೇಳದೆ ಮಾಡಿದ ಒಳ್ಳೆಯ ಕೆಲಸಕ್ಕೂ ಜನ ಬೆನ್ನು ತಿರುಗಿಸುತ್ತಾರೆ. ಈ ಪ್ರಕರಣವನ್ನು ಪ್ರತಿ ನರ್ಸಿಂಗ್ ವಿದ್ಯಾರ್ಥಿನಿಯೂ ಓದಿರಬೇಕು, ಏಕೆಂದರೆ ಮುಂದೊಂದು ದಿನ ಹಳ್ಳಿಯ ಶಾಲೆಯಲ್ಲಿ ಆ ಫಾರ್ಮನ್ನು ಹಿಡಿದು ನಿಲ್ಲುವವಳು ಅವಳೇ.

ವಿದ್ಯಾರ್ಥಿಗಳನ್ನೇ ಸ್ಯಾಂಪಲ್ ಮಾಡಿಕೊಳ್ಳುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಜೂನಿಯರ್‌ಗಳನ್ನು ಒಂದು ಕೊಠಡಿಯಲ್ಲಿ ಕೂರಿಸಿ ಪ್ರಶ್ನಾವಳಿ ಹಂಚುತ್ತಾರೆ. ಇಂಟರ್ನಲ್ ಮಾರ್ಕ್ಸ್ ಕೊಡುವ ಮೇಡಂ ಬಾಗಿಲಲ್ಲಿ ನಿಂತಿರುತ್ತಾರೆ. ಅಲ್ಲಿ ಯಾವ ಹುಡುಗಿ ಬೇಡ ಎಂದಾಳು? ತನ್ನ ಖಿನ್ನತೆಯ ಬಗ್ಗೆ, ಮುಟ್ಟಿನ ಬಗ್ಗೆ, ಮನೆಯ ಜಗಳದ ಬಗ್ಗೆ ಆ ಹಾಳೆಯಲ್ಲಿ ಬರೆಯಬೇಕಾಗಿ ಬಂದರೆ ಅವಳಿಗೆ ಏನನಿಸುತ್ತದೆ? ಬೇಡ ಎನ್ನುವ ಹಕ್ಕು ತನಗೇ ಸಿಗದವಳು ಅದನ್ನು ನಾಳೆ ರೋಗಿಗೆ ಕೊಡುತ್ತಾಳೆ ಎಂದು ನಾವು ನಿರೀಕ್ಷಿಸುವುದು ಅನ್ಯಾಯ.

ಇನ್ನು ಓದಿನ ವಿಷಯ. ಪ್ರಬಂಧದ ಹಿಂದೆ ಉಲ್ಲೇಖಗಳ ಉದ್ದನೆಯ ಪಟ್ಟಿ ಇರುತ್ತದೆ. ಅವುಗಳಲ್ಲಿ ಒಂದನ್ನು ತೋರಿಸಿ "ಇದರಲ್ಲಿ ಏನಿದೆ?" ಎಂದು ಕೇಳಿದರೆ ಬರುವ ಉತ್ತರ ಮೌನ. ಬೇರೊಬ್ಬರ ಪ್ರಬಂಧದಿಂದ ಪಟ್ಟಿ ಬಂದಿರುತ್ತದೆ, ಅಥವಾ ಸಾರಾಂಶದ ಕೊನೆಯ ಎರಡು ಸಾಲನ್ನು ಓದಿ ಬರೆದಿರುತ್ತಾರೆ. ಇದು ಸಣ್ಣ ಲೋಪ ಎಂದು ನಾವು ಬಿಟ್ಟುಬಿಡುತ್ತೇವೆ. ಸಣ್ಣದಲ್ಲ. 1980ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ನಿಯತಕಾಲಿಕೆಯೊಂದರಲ್ಲಿ ಐದೇ ವಾಕ್ಯಗಳ ಒಂದು ಪತ್ರ ಅಚ್ಚಾಯಿತು. ಆಸ್ಪತ್ರೆಯಲ್ಲಿ ಒಳರೋಗಿಗಳಾಗಿ ಅಫೀಮಿನ ಜಾತಿಯ ನೋವುನಿವಾರಕ ಪಡೆದ 11,882 ಮಂದಿಯಲ್ಲಿ ನಾಲ್ವರಿಗೆ ಮಾತ್ರ ಚಟ ಅಂಟಿದ್ದು ದಾಖಲಾಗಿದೆ ಎಂಬುದಷ್ಟೇ ಅದರ ತಿರುಳು. ಒಳರೋಗಿಗಳು, ಅಂದರೆ ವೈದ್ಯರ ಕಣ್ಣೆದುರಿಗೆ ಇದ್ದವರು. ಆದರೆ ಮುಂದೆ ಅದನ್ನು ಎತ್ತಿ ಬರೆದವರಲ್ಲಿ ಹೆಚ್ಚಿನವರು ಈ ಮಾತನ್ನು ಬಿಟ್ಟು, "ಈ ಮಾತ್ರೆಗಳಿಂದ ಚಟ ಹತ್ತುವುದು ಅಪರೂಪ" ಎಂಬುದನ್ನು ಮಾತ್ರ ಉಳಿಸಿಕೊಂಡರು. ತಿಂಗಳುಗಟ್ಟಲೆ ಮನೆಯಲ್ಲೇ ನುಂಗುವವರಿಗೂ ಅದೇ ಆಧಾರವಾಯಿತು. 2017ರಲ್ಲಿ ಲೆಕ್ಕ ಹಾಕಿದಾಗ ಆ ಪತ್ರವನ್ನು 608 ಕಡೆ ಉಲ್ಲೇಖಿಸಿದ್ದು ಕಂಡಿತು. ಅವುಗಳಲ್ಲಿ ಶೇಕಡ 72ರಷ್ಟು ಅದನ್ನು ಚಟದ ಭಯವಿಲ್ಲ ಎಂಬುದಕ್ಕೆ ಸಾಕ್ಷ್ಯವಾಗಿ ಬಳಸಿಕೊಂಡಿದ್ದವು. ಆ ದೇಶದಲ್ಲಿ ಆ ಮಾತ್ರೆಗಳ ಚಟಕ್ಕೆ ಸತ್ತವರ ಸಂಖ್ಯೆ ಲಕ್ಷಗಳನ್ನು ದಾಟಿತು. ಐದು ವಾಕ್ಯ ಓದಲು ಎಷ್ಟು ಹೊತ್ತು ಬೇಕಿತ್ತು?

ಆದ್ದರಿಂದಲೇ ನನ್ನ ಕೋರಿಕೆ: ಪದವಿ ಹಂತದಲ್ಲಿ ಹೊಸ ಸಂಶೋಧನೆ ಮಾಡಿಸುವ ಮುನ್ನ ಒಂದು ಪೇಪರನ್ನು ಪೂರ್ತಿ ಓದುವುದನ್ನು ಕಲಿಸಿ. ಅಧ್ಯಯನದಲ್ಲಿ ಯಾರಿದ್ದರು, ಯಾರನ್ನು ಬಿಟ್ಟರು, ಮಧ್ಯದಲ್ಲಿ ಎಷ್ಟು ಮಂದಿ ಹೊರಟುಹೋದರು, ಅಳೆದದ್ದು ಯಾವುದನ್ನು, ದುಡ್ಡು ಯಾರದು ಎಂದು ಒಂದೊಂದಾಗಿ ಕೇಳುತ್ತ ಓದುವುದು ಒಂದು ಕೌಶಲ. ವೈದ್ಯಕೀಯ ಲೇಖನಗಳ ಸಾರಾಂಶ ಸಿಗುವ ಪಬ್‌ಮೆಡ್ ಜಾಲತಾಣದಲ್ಲಿ ಹುಡುಕಲು ಯಾರ ಅಪ್ಪಣೆಯೂ ಬೇಡ, ಹಣವೂ ಬೇಡ. ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ತಂತ್ರಾಂಶ ಉಚಿತ. ಪೂರ್ಣ ಲೇಖನ ಸಿಗುವುದೇ ಕಷ್ಟ. ವಿಶ್ವವಿದ್ಯಾಲಯದ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಜಾಲ ಈ ಕೊರತೆಯನ್ನು ತುಂಬಲೆಂದೇ ಹುಟ್ಟಿದ್ದು. ಅದರ ಬಗ್ಗೆ ನನಗೆ ಗೌರವವಿದೆ. ಕೇಂದ್ರ ಸರ್ಕಾರ 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟು ಸುಮಾರು 13,000 ನಿಯತಕಾಲಿಕೆಗಳನ್ನು "ಒಂದು ರಾಷ್ಟ್ರ, ಒಂದು ಚಂದಾ" ಯೋಜನೆಯಡಿ ತೆರೆದಿಟ್ಟಿದೆ. ಆದರೆ ಅದು ದಕ್ಕಿರುವುದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ರಾಜ್ಯದ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಓದುವುದು ಖಾಸಗಿ ಕಾಲೇಜುಗಳಲ್ಲಿ. ಆ ಬಾಗಿಲನ್ನು ಅವರಿಗೂ ತೆರೆಯಿರಿ ಎಂದು ಕೇಳುವ ದನಿ ನಿಮ್ಮಿಂದ ಹೊರಟರೆ ತೂಕ ಬರುತ್ತದೆ.

ಅಂಕಿಗಳ ಬಗ್ಗೆ ಬರೆಯುವಾಗ ನನ್ನೊಳಗಿನ ಗಣಿತದ ಮೇಷ್ಟರಿಗೆ ತಾಳ್ಮೆ ಉಳಿಯುವುದಿಲ್ಲ. ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ಮಂದಿ ಬೇಕು ಎಂಬ ಲೆಕ್ಕಕ್ಕೆ ನಮ್ಮ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬರುವ ಸೂತ್ರವೊಂದಿದೆ: ನಾಲ್ಕನ್ನು, ಕಾಯಿಲೆ ಇರುವವರ ಶೇಕಡಾವಾರನ್ನು, ಇಲ್ಲದವರ ಶೇಕಡಾವಾರನ್ನು ಗುಣಿಸಿ, ಒಪ್ಪಿಕೊಳ್ಳಬಹುದಾದ ವ್ಯತ್ಯಾಸದ ವರ್ಗದಿಂದ ಭಾಗಿಸುವುದು. ಕಾಯಿಲೆ ಶೇಕಡ 50 ಇದೆ ಎಂದುಕೊಂಡು, ಹತ್ತು ಅಂಶದಷ್ಟು ಆಚೀಚೆ ಆದರೂ ಸರಿ ಎಂದರೆ 100 ಮಂದಿ ಸಾಕು. ಐದು ಅಂಶಕ್ಕಿಂತ ಹೆಚ್ಚು ತಪ್ಪಬಾರದು ಎಂದರೆ 400 ಮಂದಿ ಬೇಕು. ನಿಖರತೆ ಎರಡು ಪಟ್ಟಾಗಲು ಶ್ರಮ ನಾಲ್ಕು ಪಟ್ಟು. ಎಂಥ ಸುಂದರವಾದ ಪಾಠ! ಇದನ್ನು ಹತ್ತನೇ ತರಗತಿಯ ಮಕ್ಕಳಿಗೂ ಅರ್ಥ ಮಾಡಿಸಬಹುದು. ಆದರೆ ನಾನು ನೋಡುವ ಸಿನಾಪ್ಸಿಸ್‌ಗಳಲ್ಲಿ 60 ಎಂಬ ಸಂಖ್ಯೆ ಮೊದಲೇ ತೀರ್ಮಾನವಾಗಿರುತ್ತದೆ. ಅದಕ್ಕೆ ಹೊಂದುವ ಹಾಗೆ ಸೂತ್ರಕ್ಕೆ ಬೆಲೆಗಳನ್ನು ಆಮೇಲೆ ತುಂಬಿರುತ್ತಾರೆ. ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಲೆಕ್ಕದ ಹೆಜ್ಜೆಗಳನ್ನು ಹೆಣೆಯುವ ಹುಡುಗರನ್ನು ನನ್ನ ತರಗತಿಯಲ್ಲಿ ಬಹಳ ಕಂಡಿದ್ದೇನೆ, ಇದು ಅದೇ.

ನರ್ಸಿಂಗ್ ಸ್ನಾತಕೋತ್ತರ ಪ್ರಬಂಧಗಳ ಶೀರ್ಷಿಕೆಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಆಯ್ದ ಆಸ್ಪತ್ರೆಯ, ಆಯ್ದ ಗುಂಪಿನಲ್ಲಿ, ಯಾವುದೋ ಒಂದು ವಿಷಯದ ತಿಳಿವಳಿಕೆಯ ಮೇಲೆ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂನ ಪರಿಣಾಮ. ಮೊದಲು ಪರೀಕ್ಷೆ, ಆಮೇಲೆ ಪಾಠ, ಏಳನೆಯ ದಿನ ಮತ್ತೆ ಅದೇ ಪರೀಕ್ಷೆ. ಅಂಕ ಏರುತ್ತದೆ. ಪಿ ವ್ಯಾಲ್ಯೂ, ಅಂದರೆ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, 0.05ಕ್ಕಿಂತ ಕಡಿಮೆ ಬರುತ್ತದೆ. ಊಹೆ ಸಾಬೀತಾಗುತ್ತದೆ. ಹೋಲಿಸಿ ನೋಡಲು ಪಾಠ ಕೇಳದ ಗುಂಪು ಇಲ್ಲದಿದ್ದರೆ, ಪ್ರಶ್ನೆಗಳು ಮೊದಲೇ ಗೊತ್ತಿದ್ದುದರಿಂದ ಅಂಕ ಏರಿತೋ ಪಾಠದಿಂದ ಏರಿತೋ ಎಂದು ಹೇಳಲಾಗುವುದಿಲ್ಲ. ಮೂರು ತಿಂಗಳ ಮೇಲೆ ಅದರಲ್ಲಿ ಎಷ್ಟು ಉಳಿಯಿತು, ಆ ತಾಯಿ ಮಗುವಿಗೆ ಓಆರ್‌ಎಸ್ ಕದಡಿ ಕೊಟ್ಟಳೇ ಎಂಬುದು ನಿಜವಾದ ಪ್ರಶ್ನೆ. ಅದನ್ನು ಕೇಳಲು ಸಮಯವಿಲ್ಲ. ಹಾಸಿಗೆಯ ಪಕ್ಕ ಹಗಲು ರಾತ್ರಿ ಇದ್ದು ರೋಗಿಯನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲವರು ನರ್ಸ್‌ಗಳು. ಬೆನ್ನಿನ ಹುಣ್ಣು ಯಾವ ವಾರ್ಡಿನಲ್ಲಿ ಏಕೆ ಹೆಚ್ಚು, ರಾತ್ರಿ ಪಾಳಿಯಲ್ಲಿ ಔಷಧಿ ತಪ್ಪುವುದು ಯಾವ ಗಳಿಗೆಯಲ್ಲಿ, ಡಿಸ್ಚಾರ್ಜ್ ಆದ ಮೇಲೆ ಮಾತ್ರೆ ಬಿಡುವುದು ಯಾಕೆ ಎಂಬ ಪ್ರಶ್ನೆಗಳು ಅವರ ಕಣ್ಣೆದುರೇ ಇವೆ. ಅಂಥವರಿಂದ ಒಂದೇ ಅಚ್ಚಿನ ಪ್ರಬಂಧ ಬರೆಸಿ ನಾವು ಕಳೆದುಕೊಳ್ಳುತ್ತಿರುವುದು ಎಷ್ಟೆಂದು ಯೋಚಿಸಿದರೆ ನನಗೆ ನೋವಾಗುತ್ತದೆ.

ಪಿ ವ್ಯಾಲ್ಯೂವಿನ ಹುಚ್ಚು ಇನ್ನೊಂದು. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದ ಎರಡು ಗುಂಪುಗಳನ್ನು ತೆಗೆದುಕೊಂಡು ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಅಂಶಗಳಲ್ಲಿ ಹೋಲಿಸುತ್ತಾ ಹೋದರೆ, ಕನಿಷ್ಠ ಒಂದಾದರೂ ಬರೀ ಆಕಸ್ಮಿಕವಾಗಿ 0.05ಕ್ಕಿಂತ ಕೆಳಗಿಳಿಯುವ ಸಂಭವ ಸುಮಾರು ಶೇಕಡ 64. ಅದೊಂದನ್ನು ಆರಿಸಿ ಶೀರ್ಷಿಕೆಗೆ ಏರಿಸಿ, ಉಳಿದ ಹತ್ತೊಂಬತ್ತನ್ನು ಮುಚ್ಚಿಟ್ಟರೆ ಅದು ಸುಳ್ಳು. ಇದು ಸುಳ್ಳೆಂದು ಗೊತ್ತಿಲ್ಲದೆಯೇ ಮಾಡುವ ಮಕ್ಕಳು ಇದ್ದಾರೆ, ಏಕೆಂದರೆ "ಸಿಗ್ನಿಫಿಕಂಟ್ ಬಂದಿಲ್ಲವೇ? ಇನ್ನೊಮ್ಮೆ ನೋಡು" ಎಂದು ಅವರಿಗೆ ಹೇಳಿರುತ್ತಾರೆ. ಬರಲಿಲ್ಲ ಎನ್ನುವುದೂ ಒಂದು ಉತ್ತರವೇ. ಈ ಔಷಧಿಯಿಂದ, ಈ ವ್ಯಾಯಾಮದಿಂದ ಪ್ರಯೋಜನ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದ ಪ್ರಬಂಧಕ್ಕೆ ಒಂದು ಅಂಕವೂ ಕಡಿಮೆಯಾಗುವುದಿಲ್ಲ ಎಂದು ವಿಶ್ವವಿದ್ಯಾಲಯ ಲಿಖಿತವಾಗಿ ಹೇಳಲಿ. ಆ ಒಂದು ಸುತ್ತೋಲೆ ಹತ್ತು ಕಾರ್ಯಾಗಾರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದತ್ತಾಂಶ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸವೂ ನಮ್ಮಲ್ಲಿ ಇಲ್ಲ. 2020ರ ಮೇ 22ರಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ನಿಯತಕಾಲಿಕೆಯಲ್ಲಿ ಕೋವಿಡ್ ರೋಗಿಗಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಸಾವು ಹೆಚ್ಚು ಎನ್ನುವ ಲೇಖನ ಬಂತು. 671 ಆಸ್ಪತ್ರೆಗಳ 96,032 ರೋಗಿಗಳ ಲೆಕ್ಕ ಎಂದು ಅದರಲ್ಲಿ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆ ಆ ಔಷಧಿಯ ಪ್ರಯೋಗವನ್ನೇ ಕೆಲವು ದಿನ ತಡೆಹಿಡಿಯಿತು. ಆ ಅಂಕಿಗಳನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ಮೂಲ ದಾಖಲೆ ತೋರಿಸಲು ಒಪ್ಪಲಿಲ್ಲ. ಜೂನ್ 4ರಂದು ಲೇಖನ ವಾಪಸಾಯಿತು. ಔಷಧಿಯಿಂದ ಪ್ರಯೋಜನವಿಲ್ಲ ಎಂಬುದು ಆಮೇಲೆ ಬೇರೆ ಪ್ರಾಮಾಣಿಕ ಪ್ರಯೋಗಗಳಿಂದ ತಿಳಿಯಿತು ನಿಜ, ಆದರೆ ಅಷ್ಟರಲ್ಲಿ ಜನರ ನಂಬಿಕೆ ಅಲುಗಾಡಿತ್ತು. ಆ ಕಂಪನಿಯ ಮುಖ್ಯಸ್ಥನನ್ನು ಬಿಟ್ಟು ಉಳಿದ ಲೇಖಕರು ಮೂಲ ಅಂಕಿಗಳನ್ನು ತಾವೇ ಪರೀಕ್ಷಿಸಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ನಮ್ಮ ಪ್ರಬಂಧಗಳ ಕೊನೆಯಲ್ಲಿ ಎಲ್ಲ ರೋಗಿಗಳ ಅಂಕಿಗಳಿರುವ ಮಾಸ್ಟರ್ ಚಾರ್ಟ್ ಎಂಬ ಕೋಷ್ಟಕ ಇರುತ್ತದಲ್ಲ, ಅದರ ಒಂದು ಸಾಲನ್ನು ಹಿಡಿದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿರುವ ಕೇಸ್ ಶೀಟಿನೊಂದಿಗೆ ಹೋಲಿಸಿ ನೋಡಿದ ಗೈಡ್‌ಗಳು ಎಷ್ಟು ಮಂದಿ? ಪ್ರತಿ ಪ್ರಬಂಧದಿಂದ ಐದು ಸಾಲುಗಳನ್ನು ಹೀಗೆ ತಾಳೆ ನೋಡಿದರೂ ಸಾಕು, ಕುಳಿತಲ್ಲೇ ಅಂಕಿ ತುಂಬುವ ಆಸೆ ತಾನಾಗಿ ಇಳಿಯುತ್ತದೆ.

ಅದೇ ಮಾಸ್ಟರ್ ಚಾರ್ಟಿನಲ್ಲಿ ರೋಗಿಯ ಹೆಸರು, ವಯಸ್ಸು, ಒಳರೋಗಿ ಸಂಖ್ಯೆ (ಐಪಿ ನಂಬರ್) ಅಚ್ಚಾಗಿರುವ ಹಳೆಯ ಪ್ರಬಂಧಗಳನ್ನು ಕಂಡಿದ್ದೇನೆ. ಗ್ರಂಥಾಲಯದ ಕಪಾಟಿನಲ್ಲಿ ಇದ್ದಾಗ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ಈಗ ಪ್ರಬಂಧಗಳು ಅಂತರ್ಜಾಲಕ್ಕೆ ಏರುತ್ತವೆ. ಎಚ್‌ಐವಿ ಇರುವ, ಗರ್ಭಪಾತ ಮಾಡಿಸಿಕೊಂಡ, ವಿಷ ಕುಡಿದು ಬದುಕುಳಿದ ಒಬ್ಬರ ಹೆಸರು ಹಾಗೆ ಸಿಕ್ಕರೆ ಅವರ ಸಂಸಾರದ ಗತಿ ಏನು? ಕೇಸ್ ಶೀಟಿನ ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಇದೇ ತಪ್ಪು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆಯ ಹೆದರಿಕೆಗಿಂತ ಮೊದಲು ರೋಗಿಯ ಮಾನದ ಅರಿವು ಮೂಡಬೇಕು.

ಕೃತಿಚೌರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. 2018ರ ಯುಜಿಸಿ ನಿಯಮಗಳು ಶೇಕಡ 10ರ ವರೆಗಿನ ಹೋಲಿಕೆಗೆ ದಂಡ ವಿಧಿಸುವುದಿಲ್ಲ, ಶೇಕಡ 60 ದಾಟಿದರೆ ನೋಂದಣಿಯನ್ನೇ ರದ್ದು ಮಾಡುತ್ತವೆ. ಪರಿಣಾಮವಾಗಿ ಮಕ್ಕಳು ಕಲಿತಿರುವುದು ಹತ್ತರೊಳಗೆ ಇಳಿಸುವ ಕಲೆಯನ್ನು: ಒಂದು ಪದ ತೆಗೆದು ಇನ್ನೊಂದು ಇಡುವುದು, ವಾಕ್ಯವನ್ನು ತಿರುಗಿಸುವುದು, ಈಗೀಗ ಚಾಟ್‌ಜಿಪಿಟಿಗೆ ಕೊಟ್ಟು ಬೇರೆ ಮಾತಿನಲ್ಲಿ ಬರೆಸುವುದು. ಆ ಯಂತ್ರ ಇಲ್ಲದ ಲೇಖನಗಳ ಉಲ್ಲೇಖವನ್ನೂ ನಿಜವೆಂಬಂತೆ ಬರೆದುಕೊಡುತ್ತದೆ. ತಂತ್ರಾಂಶ ಪದಗಳ ಹೋಲಿಕೆಯನ್ನು ಹಿಡಿಯುತ್ತದೆ, ಹುಟ್ಟಿಸಿದ ಅಂಕಿಯನ್ನು ಹಿಡಿಯುವುದಿಲ್ಲ. ಯಂತ್ರದ ನೆರವು ಪಡೆದರೆ ಎಲ್ಲಿ ಎಷ್ಟು ಎಂದು ಬರೆಯಿರಿ, ಪ್ರತಿ ಉಲ್ಲೇಖವನ್ನೂ ಕಣ್ಣಾರೆ ನೋಡಿದ್ದೇನೆ ಎಂದು ಸಹಿ ಹಾಕಿ ಎಂದು ಕೇಳುವುದು ಕಷ್ಟವಲ್ಲ.

ಪ್ರಕಟಣೆಯ ಒತ್ತಡದ ಬಗ್ಗೆ ಮಾತ್ರ ನಿಮ್ಮಲ್ಲಿ ಗಟ್ಟಿಯಾಗಿ ಹೇಳಲೇಬೇಕು. ಪೇಪರ್ ಎಣಿಸಿ ಬಡ್ತಿ ಕೊಡುವ, ಪೇಪರ್ ಎಣಿಸಿ ಪರೀಕ್ಷೆಗೆ ಬಿಡುವ ಕ್ರಮವೇ ಹಣ ಪಡೆದು ಏನನ್ನಾದರೂ ಅಚ್ಚು ಮಾಡುವ ನಿಯತಕಾಲಿಕೆಗಳನ್ನು ಸಾಕಿದೆ. 2013ರಲ್ಲಿ ಪತ್ರಕರ್ತರೊಬ್ಬರು ಬೇಕೆಂದೇ ತಪ್ಪುಗಳನ್ನು ತುಂಬಿದ, ಕಲ್ಲುಹೂವಿನಿಂದ ಕ್ಯಾನ್ಸರ್ ಔಷಧಿ ಎಂಬ ಕಟ್ಟುಕತೆಯ ಲೇಖನವನ್ನು 304 ನಿಯತಕಾಲಿಕೆಗಳಿಗೆ ಕಳುಹಿಸಿದರು, 157 ಒಪ್ಪಿಕೊಂಡವು. ಇಂಥ ನಿಯತಕಾಲಿಕೆಗಳನ್ನು ಹೊರತರುತ್ತಿದ್ದ ಹೈದರಾಬಾದಿನ ಓಮಿಕ್ಸ್ ಸಂಸ್ಥೆಗೆ, ಸಂಶೋಧಕರನ್ನು ದಾರಿ ತಪ್ಪಿಸಿದ್ದಕ್ಕಾಗಿ, ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. ಸ್ಟೈಪೆಂಡಿನಿಂದ ಉಳಿಸಿದ ಹಣವನ್ನು ಇಂಥ ಕಡೆ ಸುರಿದ ವಿದ್ಯಾರ್ಥಿಗಳು ನಮ್ಮಲ್ಲಿ ಇದ್ದಾರೆ. ಅದರ ಜೊತೆಗೆ ಪೇಪರಿನ ಮೇಲೆ ವಿಭಾಗದ ಮುಖ್ಯಸ್ಥರ ಹೆಸರು ತಾನಾಗಿ ಏರುವ ಪದ್ಧತಿ. ಲೇಖಕನೆನ್ನಿಸಿಕೊಳ್ಳಲು ಕೆಲಸದಲ್ಲಿ ಪಾಲು, ಬರವಣಿಗೆಯಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ತಪ್ಪಿದ್ದರೆ ಉತ್ತರ ಕೊಡುವ ಹೊಣೆ ಇವು ನಾಲ್ಕೂ ಇರಬೇಕು ಎಂದು ವೈದ್ಯಕೀಯ ನಿಯತಕಾಲಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಹೇಳುತ್ತದೆ. ದೊಡ್ಡವರು ಇದನ್ನು ಪಾಲಿಸುವುದನ್ನು ನೋಡಿದರೆ ಮಕ್ಕಳಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಪ್ರತಿ ಕೋರ್ಸಿನಲ್ಲೂ, ವೈದ್ಯಕೀಯದಿಂದ ಹಿಡಿದು ಲ್ಯಾಬ್ ಟೆಕ್ನಾಲಜಿಯ ತನಕ, ಒಪ್ಪಿಗೆ ಕೇಳುವುದನ್ನು ಪ್ರಾಯೋಗಿಕ ಪರೀಕ್ಷೆಯ ಭಾಗವಾಗಿಸಿ. ರಕ್ತದೊತ್ತಡ ಅಳೆಯುವುದಕ್ಕೆ ಅಂಕ ಇದ್ದ ಹಾಗೆ ಇದಕ್ಕೂ ಇರಲಿ. ಪರೀಕ್ಷಕರ ಜೊತೆಗೆ ನನ್ನಂಥ ಸಾಮಾನ್ಯರೊಬ್ಬರು ಕೂತು, ತಮಗೆ ಅರ್ಥವಾಯಿತೇ ಇಲ್ಲವೇ ಎಂದು ಹೇಳಲಿ. ಪದವಿ ಹಂತದಲ್ಲಿ ಎಲ್ಲರಿಂದಲೂ ಹೊಸ ಅಧ್ಯಯನ ಬೇಡ. ಒಂದು ಪೇಪರಿನ ಆಳವಾದ ವಿಮರ್ಶೆ, ವಾರ್ಡಿನ ದಾಖಲೆಗಳ ಒಂದು ಚಿಕ್ಕ ಆಡಿಟ್, ಹಳೆಯ ಅಧ್ಯಯನವೊಂದನ್ನು ಮತ್ತೆ ಮಾಡಿ ನೋಡುವುದು ಇವುಗಳಿಗೂ ಪ್ರಾಜೆಕ್ಟಿನ ಮಾನ್ಯತೆ ಕೊಡಿ. ಗೈಡ್ ಆಗುವವರು ವಿದ್ಯಾರ್ಥಿಯ ಮೊದಲ ಕೆಲವು ಒಪ್ಪಿಗೆಗಳಿಗೆ ಪಕ್ಕದಲ್ಲೇ ಇರಬೇಕೆಂಬ ನಿಯಮ ಬರಲಿ, ಅದಕ್ಕೆ ಅವರ ಕೆಲಸದ ಹೊರೆಯನ್ನೂ ಇಳಿಸಿ. ಬಿಡುವಿಲ್ಲದ ಗೈಡನ್ನು ದೂರಿ ಪ್ರಯೋಜನವಿಲ್ಲ.

ಕೊನೆಯದಾಗಿ, ಖರ್ಚೇ ಇಲ್ಲದ ಒಂದು ಕೆಲಸ. ವರ್ಷಗಳಿಂದ ಬಳಕೆಯಲ್ಲಿರುವ ನಿಮ್ಮ ಸಿನಾಪ್ಸಿಸ್ ನಮೂನೆಯಲ್ಲಿ 7.3 ಎಂಬ ಅಂಶ ರೋಗಿಗಳ ಮೇಲೆ ಪರೀಕ್ಷೆ ಅಥವಾ ಚಿಕಿತ್ಸೆ ನಡೆಸಬೇಕಾಗುತ್ತದೆಯೇ ಎಂದು ಕೇಳುತ್ತದೆ. 7.4 ಅದಕ್ಕೆ ನೈತಿಕ ಅನುಮತಿ ಸಿಕ್ಕಿದೆಯೇ ಎಂದು ಕೇಳುತ್ತದೆ. ಅಲ್ಲಿ ಹೌದು ಎಂದು ಬರೆದರೆ ಮುಗಿಯಿತು. ಆ ಸಾಲಿನ ಕೆಳಗೆ ಇನ್ನೆರಡು ಸಾಲು ಸೇರಿಸಿ. ರೋಗಿಗೆ ವಿಷಯವನ್ನು ಹೇಗೆ ತಿಳಿಸುತ್ತೀರಿ ಎಂಬುದನ್ನು ನಿಮ್ಮದೇ ಮಾತಿನಲ್ಲಿ, ಆಡುಗನ್ನಡದಲ್ಲಿ ಇಲ್ಲಿ ಬರೆಯಿರಿ ಎಂಬುದು ಒಂದು. ಅಧ್ಯಯನ ಮುಗಿದ ಮೇಲೆ ತಿಳಿದುಬಂದದ್ದನ್ನು ಒಂದು ಪುಟ ಕನ್ನಡದಲ್ಲಿ ಬರೆದು, ಅದು ನಡೆದ ವಾರ್ಡಿಗೆ ಅಥವಾ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಯಾವ ತಿಂಗಳಲ್ಲಿ ತಲುಪಿಸುತ್ತೀರಿ ಎಂಬುದು ಇನ್ನೊಂದು. ಮುಂದಿನ ಬ್ಯಾಚಿನ ಸಿನಾಪ್ಸಿಸ್ ಒಪ್ಪಿಸುವ ದಿನಾಂಕಕ್ಕೆ ಮೊದಲು ಇದು ಆಗಬಹುದು. ನಿಮ್ಮ ಉತ್ತರವನ್ನೂ ಬಹಿರಂಗವಾಗಿಯೇ ಕೊಡಬೇಕೆಂದು ಕೋರುತ್ತೇನೆ. ಆ ಎರಡು ಸಾಲುಗಳ ಕನ್ನಡ ಕರಡು ಬೇಕಾದರೆ ನನ್ನಂಥ ಸದಸ್ಯರು ಕೂತು ಬರೆದುಕೊಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಎಥಿಕ್ಸ್ ಕಮಿಟಿಯೊಂದರ ಜನಸಾಮಾನ್ಯ ಸದಸ್ಯೆ,
ನಿವೃತ್ತ ಗಣಿತ ಶಿಕ್ಷಕಿ